ಪಿಕಪ್ ಗಾಡಿಯ ಹಿಂದಿನ ಆಕ್ಸಲ್‌ಗೆ ಯಾವ ಗೇರ್ ಅನುಪಾತ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸರಕು ಹೇರುವ ಡೀಸೆಲ್ ಪಿಕಪ್‌ಗಳ ಹಿಂದಿನ ಆಕ್ಸಲ್ ಗೇರುಗಳ ಕವಚವಾದ ಹೌಸಿಂಗ್‌ಗೆ ಸಂಬಂಧಿಸಿದ್ದವು. ಅದರೊಳಗಿನ ಗೇರು ಜೋಡಿಯಾದ ಕ್ರೌನ್-ಪಿನಿಯನ್ ಬದಲಿಸಿದರೆ ಎಳೆತ ಹೆಚ್ಚುವುದೇ, ಡೀಸೆಲ್ ಉಳಿಯುವುದೇ ಎಂಬುದು ಬಹುತೇಕರ ಪ್ರಶ್ನೆ. ಸೆಟ್ಟಿನ ಬೆಲೆಯ ಜೊತೆಗೆ ಮಿಸ್ತ್ರಿಯ ಕೂಲಿ ಮತ್ತು ಗಾಡಿ ನಿಂತ ದಿನಗಳ ಬಾಡಿಗೆಯ ನಷ್ಟವೂ ಸೇರುವ ಕೆಲಸವಿದು. ಒಮ್ಮೆ ತಪ್ಪಿದರೆ ಎರಡನೆಯ ಸಲವೂ ಅಷ್ಟೇ ಖರ್ಚು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಕೊಟ್ಟಿದ್ದೇನೆ.

ಪ್ರಶ್ನೆ: ಅಮರಗೋಳದ ಎಪಿಎಂಸಿಯಿಂದ ಉಳ್ಳಾಗಡ್ಡಿ, ಆಲೂಗಡ್ಡೆ ಹೇರಿಕೊಂಡು ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ವಾರಕ್ಕೆ ಮೂರು ಸಲ ಹೋಗುತ್ತೇನೆ. ಮರಳುವಾಗ ತೆಂಗಿನಕಾಯಿ ಅಥವಾ ಸಾಣಿಕಟ್ಟೆಯ ಉಪ್ಪು ಇರುತ್ತದೆ. ಅರಬೈಲು ಘಟ್ಟ ಏರುವಾಗ ಗಾಡಿ ಬಹಳ ದಣಿಯುತ್ತದೆ. ಈಗಿರುವ ಅನುಪಾತ 4.10. ಒಬ್ಬ ಮಿಸ್ತ್ರಿ 4.56 ಹಾಕಿಸಿರಿ, ಘಟ್ಟ ಸುಲಭವಾಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು 3.73 ಹಾಕಿಸಿದರೆ ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಈ ಅಂಕಿಗಳ ಅರ್ಥವನ್ನು ತಿಳಿಯೋಣ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಪಿನಿಯನ್, ಹೌಸಿಂಗಿನೊಳಗಿನ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10 ಹಲ್ಲು ಇದ್ದರೆ ಅನುಪಾತ 4.10, ಪಿನಿಯನ್ನಿಗೆ 9 ಹಲ್ಲಿದ್ದರೆ 4.56, 11 ಇದ್ದರೆ 3.73. ಅಂಕಿ ದೊಡ್ಡದಾದಷ್ಟೂ ಚಕ್ರಕ್ಕೆ ಮುಟ್ಟುವ ಟಾರ್ಕ್ (ತಿರುಗಿಸುವ ಬಲ) ಹೆಚ್ಚು, ಅದೇ ವೇಗಕ್ಕೆ ಇಂಜಿನ್ ತಿರುಗಬೇಕಾದ ಸುತ್ತುಗಳೂ ಹೆಚ್ಚು. ದೊಡ್ಡ ಅಂಕಿಯ ಸೆಟ್ಟನ್ನು ಕೆಲವು ಗ್ಯಾರೇಜುಗಳಲ್ಲಿ ‘ಲೋ’ ಎಂದೂ ಕೆಲವೆಡೆ ‘ದೊಡ್ಡ ಗೇರು’ ಎಂದೂ ಕರೆಯುವ ರೂಢಿಯಿದೆ. ಅಂಗಡಿಯಲ್ಲಿ ಹಲ್ಲುಗಳ ಸಂಖ್ಯೆಯನ್ನೇ ಹೇಳಿ ಕೇಳುವುದು ಕ್ಷೇಮ.

ನೀವು ಗಾಡಿಯ ಉಳಿದ ವಿವರಗಳನ್ನು ಬರೆದಿಲ್ಲವಾದ್ದರಿಂದ, ನಮ್ಮ ಭಾಗದಲ್ಲಿ ಓಡಾಡುವ ಪಿಕಪ್‌ಗಳಿಗೆ ಸಮೀಪದ ಒಂದು ಲೆಕ್ಕವನ್ನು ಇಟ್ಟುಕೊಳ್ಳುತ್ತೇನೆ: ಹೇರು ಸೇರಿ ಒಟ್ಟು ತೂಕ 3,000 ಕಿಲೊ, ಇಂಜಿನ್ನಿನ ಗರಿಷ್ಠ ಟಾರ್ಕ್ 200 ನ್ಯೂಟನ್ ಮೀಟರ್, ಅದು ದೊರೆಯುವುದು ಸುಮಾರು 1,400ರಿಂದ 2,200 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ನಡುವೆ, ಟೈರು 215/75 ಆರ್ 15, ಅಂದರೆ ಸುತ್ತಳತೆ ಸುಮಾರು 2.21 ಮೀಟರ್, ಗೇರ್ ಬಾಕ್ಸಿನಲ್ಲಿ ಒಂದನೇ ಗೇರ್ 4.0, ಮೂರನೆಯದು 1.4, ನಾಲ್ಕನೆಯದು ನೇರ 1.0, ಐದನೆಯದು 0.8. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೀವೇ ಇದೇ ಲೆಕ್ಕವನ್ನು ಮಾಡಬಹುದು.

ಈಗ ಘಟ್ಟ. 15 ಮೀಟರ್ ಸಾಗಿದರೆ 1 ಮೀಟರ್ ಏರುವ ರಸ್ತೆಯಲ್ಲಿ 3,000 ಕಿಲೊ ಗಾಡಿಯನ್ನು ಮೇಲೆಳೆಯಲು 200 ಕಿಲೊ ಭಾರದಷ್ಟು ಬಲ ಬೇಕು. ಟೈರುಗಳ ಉರುಳುವಿಕೆಯ ತಡೆಗೆಂದು ಇನ್ನೂ 36 ಕಿಲೊ ಸೇರಿಸಿದರೆ, ಚಕ್ರದಲ್ಲಿ ಬೇಕಾಗುವ ಟಾರ್ಕ್ ಸುಮಾರು 810 ನ್ಯೂಟನ್ ಮೀಟರ್. ಗೇರುಗಳಲ್ಲಿ ಸವೆದು ಹೋಗುವ ಶಕ್ತಿಯನ್ನು ಕಳೆದರೆ, 4.10ರ ಗಾಡಿ ನಾಲ್ಕನೇ ಗೇರಿನಲ್ಲಿ ಕೊಡಬಲ್ಲದ್ದು ಸುಮಾರು 720, ಮೂರನೇ ಗೇರಿನಲ್ಲಿ 1,010. ಹಾಗಾಗಿ ನೀವು ಮೂರಕ್ಕೆ ಇಳಿಯಲೇಬೇಕು. 4.56 ಹಾಕಿಸಿದರೆ ನಾಲ್ಕನೇ ಗೇರಿನಲ್ಲಿ ದೊರೆಯುವುದು ಸುಮಾರು 800, ಅದೂ ಸಾಲದು. ಖರ್ಚು ಮಾಡಿದ ಮೇಲೂ ನೀವು ಏರುವುದು ಅದೇ ಮೂರನೇ ಗೇರಿನಲ್ಲಿಯೇ. ಘಟ್ಟದ ನಡುವೆ ಗೇರ್ ಬಾಕ್ಸು ತಾನೇ ಹೊಂದಿಸಿಕೊಳ್ಳುವ ಕೆಲಸವನ್ನು ಆಕ್ಸಲ್‌ನಿಂದ ಮಾಡಿಸಲು ಹೊರಡುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಆಕ್ಸಲ್ ಅನುಪಾತದ ಪರಿಣಾಮ ನಿಜವಾಗಿ ಕಾಣುವುದು ಎಲ್ಲಿ? ಎರಡು ತುದಿಗಳಲ್ಲಿ. ಒಂದನೇ ಗೇರಿನ ಕೆಳಗೆ ಇನ್ನೊಂದು ಗೇರಿಲ್ಲ, ಐದನೆಯದರ ಮೇಲೆ ಇನ್ನೊಂದಿಲ್ಲ. ಆ ಎರಡು ಕಡೆಗಳಲ್ಲಿ ಆಕ್ಸಲ್ ಕೊಟ್ಟದ್ದೇ ಕೊನೆ.

ಕೆಳತುದಿಯನ್ನು ನೋಡೋಣ. ತಿರುವಿನಲ್ಲಿ ಮುಂದಿನ ಲಾರಿ ನಿಂತುಬಿಟ್ಟಿದೆ, ನೀವು 8ಕ್ಕೆ 1ರ ಏರಿನಲ್ಲಿ ನಿಂತಲ್ಲಿಂದ ಗಾಡಿ ಎತ್ತಬೇಕಾಗಿದೆ ಎಂದುಕೊಳ್ಳಿ. ಆಗ ಇಂಜಿನ್ ಕೊಡಬೇಕಾದ ಟಾರ್ಕ್ 4.56ರಲ್ಲಿ ಸುಮಾರು 88, 4.10ರಲ್ಲಿ 98, 3.73ರಲ್ಲಿ 107 ನ್ಯೂಟನ್ ಮೀಟರ್. ಗರಿಷ್ಠ ಟಾರ್ಕ್ 200 ಇದ್ದರೂ ಅದು 1,400 ಆರ್‌ಪಿಎಂ ಮೇಲಿನ ಮಾತು. ಟರ್ಬೊ ಇನ್ನೂ ಗಾಳಿ ತುಂಬದ 1,000 ಆರ್‌ಪಿಎಂ ಆಸುಪಾಸಿನಲ್ಲಿ ಅದರ ಅರ್ಧದಷ್ಟೇ ಸಿಕ್ಕರೂ ಆಶ್ಚರ್ಯವಿಲ್ಲ. ಕೊರತೆ ಬಿದ್ದದ್ದನ್ನು ಚಾಲಕನು ಹಾಫ್ ಕ್ಲಚ್ಚಿನಲ್ಲಿ ತುಂಬಿಕೊಳ್ಳುತ್ತಾನೆ. 3.73 ಹಾಕಿಸಿದವರು ಡೀಸೆಲ್ಲಿನಲ್ಲಿ ಉಳಿಸಿದ್ದನ್ನು ಕ್ಲಚ್ ಪ್ಲೇಟಿಗೆ ಕಟ್ಟುವುದು ಹೀಗೆ.

ಮೇಲ್ತುದಿಯಲ್ಲಿ ಐದನೇ ಗೇರು, ಗಂಟೆಗೆ 80 ಕಿ.ಮೀ. ವೇಗ: 3.73ರಲ್ಲಿ ಇಂಜಿನ್ ಸುಮಾರು 1,800 ಆರ್‌ಪಿಎಂ, 4.10ರಲ್ಲಿ 1,980, 4.56ರಲ್ಲಿ 2,200. ಇಷ್ಟನ್ನೇ ನೋಡಿದರೆ 3.73 ಒಳ್ಳೆಯದೆನಿಸುತ್ತದೆ. ಆದರೆ ಕಲಘಟಗಿ, ಯಲ್ಲಾಪುರದ ಕಾಡುರಸ್ತೆಯಲ್ಲಿ ತುಂಬಿದ ಗಾಡಿ 80ರಲ್ಲಿ ಓಡುವುದಿಲ್ಲ, 60ರ ಆಸುಪಾಸಿನಲ್ಲಿ ಓಡುತ್ತದೆ. ಆ ವೇಗದಲ್ಲಿ 3.73ರ ಇಂಜಿನ್ ಐದನೇ ಗೇರಿನಲ್ಲಿ 1,350ಕ್ಕೆ ಇಳಿಯುತ್ತದೆ, ಅಂದರೆ ಗರಿಷ್ಠ ಟಾರ್ಕಿನ ಪಟ್ಟಿಯಿಂದ ಕೆಳಗೆ ಬೀಳುತ್ತದೆ. ಸಣ್ಣ ದಿಬ್ಬ ಬಂದರೂ ಗುಮ್ಮೆನ್ನುತ್ತದೆ. ನೀವು ನಾಲ್ಕಕ್ಕೆ ಇಳಿಸುತ್ತೀರಿ. ಆಗ ಅದು 1,690 ಆರ್‌ಪಿಎಂ. 4.10ರ ಗಾಡಿಯಾದರೋ ಐದರಲ್ಲೇ 1,480ರಲ್ಲಿ ಸಮಾಧಾನದಿಂದ ಓಡುತ್ತಿರುತ್ತದೆ. ಚಿಕ್ಕ ಅಂಕಿ ಡೀಸೆಲ್ ಉಳಿಸುತ್ತದೆ ಎಂಬ ಮಾತು ಆ ಅಂಕಿಯ ಮೇಲಿನ ಗೇರನ್ನು ಬಳಸಲು ಸಾಧ್ಯವಿದ್ದಾಗ ಮಾತ್ರ ನಿಜ.

ಆದ್ದರಿಂದ ನಿಮಗೆ ನನ್ನ ಸಲಹೆ: 4.10ನ್ನು ಬದಲಿಸಬೇಡಿ. ಗಾಡಿ ಇತ್ತೀಚೆಗೆ ದಣಿಯತೊಡಗಿದ್ದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆ, ಅಂಟಿಕೊಂಡ ಬ್ರೇಕ್ ಇವುಗಳನ್ನು ಮೊದಲು ನೋಡಿಸಿ. ಬಿರುಕುಬಿಟ್ಟ ಕೊಳವೆಯೊಂದರಿಂದ ಎಳೆತ ಕಳೆದುಕೊಂಡ ಗಾಡಿಗೆ ಹೊಸ ಕ್ರೌನ್-ಪಿನಿಯನ್ ಹಾಕಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ, ಅದಕ್ಕೆ ಈ ಮಾತು. ಏರು ಶುರುವಾಗುವ ಮೊದಲೇ, ಇಂಜಿನ್ 1,600ಕ್ಕಿಂತ ಕೆಳಗೆ ಬೀಳುವುದಕ್ಕೆ ಮುಂಚೆ, ಮೂರನೇ ಗೇರಿಗೆ ಇಳಿಸಿರಿ.

ಇನ್ನೊಂದು ಮಾತನ್ನು ನೀವು ಕೇಳಿಲ್ಲವಾದರೂ ಹೇಳಬೇಕು. ನೀವು ಹುಬ್ಬಳ್ಳಿಯಿಂದ ತುಂಬಿದ ಗಾಡಿಯಲ್ಲಿ ಮೊದಲು ಘಟ್ಟವನ್ನು ಇಳಿಯುತ್ತೀರಿ. ಏರುವಾಗ ಹಾಕುವ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ. ಕಾಮನ್ ರೇಲ್ (ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವ) ಇಂಜಿನ್ನಿನಲ್ಲಿ ಗೇರು ಹಾಕಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿಯಾದರೆ ಇಂಜಿನ್ನನ್ನು ತಿರುಗಿಸಲು ಡೀಸೆಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಬ್ರೇಕೂ ಬಿಸಿಯಾಗುತ್ತದೆ.

ಪ್ರಶ್ನೆ: ನಮ್ಮದು ಮುಂಡರಗಿ ಕಡೆಯ ಎರೆ ಭೂಮಿ. ಹೊಲದೊಳಗೆ ಗಾಡಿ ಸಿಕ್ಕಿಬೀಳುತ್ತದೆಂದು 215/75 ಟೈರು ತೆಗೆದು 235/75 ಹಾಕಿಸಿದೆ. ಆಮೇಲೆ ಎಳೆತ ಕಡಿಮೆಯಾಯಿತು. ಇದನ್ನು ಸರಿಪಡಿಸಲು ಆಕ್ಸಲ್ ಅನುಪಾತ ಹೆಚ್ಚಿಸಬೇಕೇ? ನನ್ನ ಗಾಡಿಯ ಅನುಪಾತ ಎಷ್ಟೆಂದು ತಿಳಿಯುವ ಬಗೆ ಯಾವುದು?
— ಓದುಗರು, ಗದಗ ಜಿಲ್ಲೆ

ಉತ್ತರ: ನೀವು ಟೈರು ಬದಲಿಸಿದ ದಿನವೇ ಆಕ್ಸಲ್ ಅನುಪಾತವನ್ನೂ ಬದಲಿಸಿದಂತಾಗಿದೆ. 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 ಆರ್ 15ರದ್ದು 733. ಶೇಕಡಾ 4ಕ್ಕಿಂತ ತುಸು ಹೆಚ್ಚು. ಹೌಸಿಂಗಿನಲ್ಲಿ 4.10 ಇದ್ದರೆ ಅದೀಗ 3.93ರಂತೆ ವರ್ತಿಸುತ್ತದೆ. ಮೀಟರು 80 ತೋರಿಸುವಾಗ ಗಾಡಿ 83ರ ಮೇಲೆ ಓಡುತ್ತಿರುತ್ತದೆ. ಹಳೆಯ ಅಳತೆಯ ಟೈರಿಗೆ ಮರಳುವುದೇ ಎಲ್ಲಕ್ಕಿಂತ ಅಗ್ಗದ ಮತ್ತು ಸರಿಯಾದ ದುರಸ್ತಿ.

ಹೊಲದಲ್ಲಿ ಸಿಕ್ಕಿಬೀಳುವುದಕ್ಕೂ ಆಕ್ಸಲ್ ಅನುಪಾತಕ್ಕೂ ಸಂಬಂಧ ಕಡಿಮೆ. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಕೊರತೆಯಾಗುವುದು ಇಂಜಿನ್ನಿನ ಬಲವಲ್ಲ, ಟೈರಿನ ಹಿಡಿತ. ಒಂದನೇ ಗೇರಿನಲ್ಲಿ ಚಕ್ರವನ್ನು ಸುತ್ತಿಸಿಬಿಡುವಷ್ಟು ಟಾರ್ಕ್ ಈಗಲೇ ಇದೆ. ಅನುಪಾತ ಹೆಚ್ಚಿಸಿದರೆ ಚಕ್ರ ಇನ್ನೂ ಬೇಗ ಸುತ್ತಿ, ಹೊಲದಲ್ಲಿ ಗುಂಡಿ ತೋಡಿಕೊಂಡು ಕೂರುತ್ತದೆ. ಅಲ್ಲಿ ಕೆಲಸಕ್ಕೆ ಬರುವವು ಆಳವಾದ ಗುಬ್ಬಿಯ ಟೈರು, ಸ್ವಲ್ಪ ತಗ್ಗಿಸಿದ ಗಾಳಿ (ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು) ಮತ್ತು ಎರಡನೇ ಗೇರಿನಲ್ಲಿ ಮೆಲ್ಲನೆ ಹೊರಡುವ ಕಾಲು. ಮೆತ್ತನೆಯ ಮಣ್ಣಿನಲ್ಲಿ ಉರುಳುವಿಕೆಯ ತಡೆ ಡಾಂಬರಿನ ಹತ್ತು ಪಟ್ಟಿಗೂ ಮೀರಬಹುದು. ಹಸಿ ಹೊಲದಿಂದ ಅರ್ಧ ಹೇರನ್ನು ಎರಡು ಸಲ ತರುವುದು ನಿಧಾನವೆನಿಸಿದರೂ ಗಾಡಿಗೆ ಹಿತ.

ಅನುಪಾತವನ್ನು ಅಳೆಯುವುದು ಸುಲಭ. ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಒಂದೇ ಒಂದು ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸುಣ್ಣದಿಂದ ಗುರುತು ಹಾಕಿ, ಚಕ್ರವನ್ನು ಕೈಯಿಂದ ಸರಿಯಾಗಿ 2 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಎರಡೂ ಚಕ್ರಗಳಿಗೆ ತಿರುಗುವಿಕೆಯನ್ನು ಹಂಚುವ ಡಿಫರೆನ್ಷಿಯಲ್ಲಿನ ಸ್ವಭಾವಕ್ಕನುಗುಣವಾಗಿ ಕ್ರೌನ್ ಒಂದೇ ಸುತ್ತು ತಿರುಗಿರುತ್ತದೆ. ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನಾಲ್ಕು ಸುತ್ತಿನ ಮೇಲೆ ಹತ್ತನೇ ಒಂದು ಭಾಗವಾದರೆ 4.10, ಅರ್ಧಕ್ಕಿಂತ ತುಸು ಮುಂದೆ ಹೋದರೆ 4.56. ಗಾಡಿಯ ಕೆಳಗೆ ಮಲಗಿ ನೋಡುವವರು ಸ್ಟ್ಯಾಂಡ್ ಇಲ್ಲದೆ ಬರಿಯ ಜಾಕನ್ನು ನಂಬಬಾರದು.

ಪ್ರಶ್ನೆ: ಬ್ಯಾಡಗಿಯಿಂದ ಒಣ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ, ಬೆಳಗಾವಿಗೆ ಹೋಗುತ್ತೇನೆ. ಹೇರು ಹಗುರವಾದ್ದರಿಂದ ಆಕ್ಸಲ್ ಅಂಕಿ ಇಳಿಸಿಕೊಂಡರೆ ಡೀಸೆಲ್ ಉಳಿಯಬಹುದೇ?
— ಓದುಗರು, ಬ್ಯಾಡಗಿ

ಉತ್ತರ: ಮೆಣಸಿನಕಾಯಿ ತೂಕಕ್ಕೆ ಹಗುರ, ಗಾಳಿಗೆ ಭಾರ. ಕ್ಯಾಬಿನ್ನಿನ ಮೇಲೆ ಎದ್ದು ನಿಂತ ಚೀಲಗಳ ಗೋಡೆಯನ್ನು ಗಾಡಿ ದಾರಿಯುದ್ದಕ್ಕೂ ಗಾಳಿಯೊಳಗೆ ನೂಕಬೇಕು. ಮುಂಭಾಗದ ವಿಸ್ತೀರ್ಣ 4 ಚದರ ಮೀಟರ್ ಎಂದಿಟ್ಟುಕೊಂಡು ನಾನು ಮಾಡಿದ ಅಂದಾಜಿನಂತೆ, ಗಂಟೆಗೆ 80 ಕಿ.ಮೀ.ಯಲ್ಲಿ ಗಾಳಿಯ ತಡೆ ಸುಮಾರು 85 ಕಿಲೊ ಭಾರದಷ್ಟು, 60ರಲ್ಲಿ 48ರಷ್ಟು. ಟೈರುಗಳ ತಡೆ ಎರಡೂ ವೇಗಗಳಲ್ಲಿ ಹೆಚ್ಚುಕಡಿಮೆ ಒಂದೇ, 31 ಕಿಲೊ. ಕೂಡಿಸಿ ನೋಡಿದರೆ, 80ರ ಬದಲು 60ರಲ್ಲಿ ಓಡಿಸಿದಾಗ ಪ್ರತಿ ಕಿಲೊಮೀಟರಿಗೆ ಇಂಜಿನ್ ಮಾಡಬೇಕಾದ ಕೆಲಸ ಸುಮಾರು ಮೂರನೇ ಒಂದು ಭಾಗ ಕಡಿಮೆ. ಯಾವ ಕ್ರೌನ್-ಪಿನಿಯನ್ನೂ ನಿಮಗೆ ಇದರ ಹತ್ತಿರದ ಉಳಿತಾಯವನ್ನು ಕೊಡಲಾರದು. ಚೀಲಗಳನ್ನು ಸಾಧ್ಯವಾದಷ್ಟು ತಗ್ಗಾಗಿ ಹೇರಿ, ತಾಡಪತ್ರಿಯನ್ನು ಪಟಪಟ ಬಡಿಯದಂತೆ ಬಿಗಿದು, 65ರ ಆಸುಪಾಸಿನಲ್ಲಿ ಒಂದು ತಿಂಗಳು ಓಡಿಸಿ, ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಬರೆದಿಡಿ. ಸದಾ ಹಗುರ ಹೇರು, ಸಪಾಟು ಹೆದ್ದಾರಿ ಎಂಬ ಎರಡೂ ನಿಬಂಧನೆಗಳು ಪೂರ್ತಿಯಾಗುವ ನಿಮ್ಮಂಥವರಿಗೆ 3.73 ಹೊಂದಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಅದೇ ಗಾಡಿಗೆ ಗೋವಿನಜೋಳವನ್ನೋ ಸಿಮೆಂಟನ್ನೋ ಹೇರುವವರಿದ್ದರೆ ಬೇಡ.

ಪ್ರಶ್ನೆ: ನಾಲ್ಕು ಚಕ್ರ ಚಾಲನೆಯ ಪಿಕಪ್ ಇದೆ. ಹಿಂದಿನ ಆಕ್ಸಲ್ ಅನುಪಾತವನ್ನು ಮಾತ್ರ ಬದಲಿಸಬಹುದೇ?
— ಓದುಗರು, ಹಾವೇರಿ

ಉತ್ತರ: ಬದಲಿಸಬಾರದು. ನಾಲ್ಕೂ ಚಕ್ರಗಳಿಗೆ ಚಾಲನೆ ಕೊಟ್ಟಾಗ, ಅದನ್ನು ಹಂಚುವ ಟ್ರಾನ್ಸ್‌ಫರ್ ಕೇಸು ಮುಂದಿನ ಮತ್ತು ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಒಂದು ಆಕ್ಸಲ್ 4.10, ಇನ್ನೊಂದು 4.56 ಆದರೆ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಹೆಣಗಿ, ಗಟ್ಟಿ ರಸ್ತೆಯಲ್ಲಿ ಸರಪಳಿಯೋ ಶಾಫ್ಟೋ ಗೇರೋ ಮುರಿಯುತ್ತದೆ. 4.10 ಮತ್ತು 4.09ರಷ್ಟು ಕೂದಲೆಳೆಯ ವ್ಯತ್ಯಾಸವನ್ನು ಕೆಲವು ತಯಾರಕರೇ ಇಟ್ಟಿರುವುದುಂಟು, ಅದರಿಂದ ತೊಂದರೆಯಿಲ್ಲ. ಬದಲಿಸುವುದಾದರೆ ಎರಡೂ ಆಕ್ಸಲ್ ಬದಲಿಸಬೇಕು, ಅಂದರೆ ಖರ್ಚೂ ಎರಡು ಪಟ್ಟು.

ಪ್ರಶ್ನೆ: ಅಮೆರಿಕದ ಭಾರಿ ಡೀಸೆಲ್ ಪಿಕಪ್‌ಗಳು 3.31, 3.42ರಂಥ ಸಣ್ಣ ಅನುಪಾತದಲ್ಲಿಯೇ ನಮ್ಮ ಗಾಡಿಗಳ ಹಲವು ಪಟ್ಟು ಭಾರ ಎಳೆಯುತ್ತವೆ. ಹಾಗಿದ್ದರೆ ನಮ್ಮಲ್ಲಿ 4ರ ಮೇಲಿನ ಅನುಪಾತ ಏಕೆ ಬೇಕು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಅನುಪಾತವನ್ನು ಇಂಜಿನ್, ಗೇರ್ ಬಾಕ್ಸು, ಟೈರು ಇವುಗಳಿಂದ ಬೇರ್ಪಡಿಸಿ ಓದಿದ್ದರಿಂದ ಈ ಸಂದೇಹ ಬಂದಿದೆ. ರ‍್ಯಾಮ್ 3500 ಗಾಡಿಯ 6.7 ಲೀಟರಿನ ಕಮ್ಮಿನ್ಸ್ ಇಂಜಿನ್ 2019ರ ಮಾದರಿಯಲ್ಲಿ ಸುಮಾರು 1,356 ನ್ಯೂಟನ್ ಮೀಟರ್ ಮುಟ್ಟಿತು. ಟ್ರೇಲರ್ ಸಹಿತ 15 ಟನ್ ಎಳೆದರೂ ಅದಕ್ಕೆ ಟನ್ನಿಗೆ ಸುಮಾರು 90 ನ್ಯೂಟನ್ ಮೀಟರ್ ಸಿಗುತ್ತದೆ. ನಮ್ಮ ಲೆಕ್ಕದ ಪಿಕಪ್‌ಗೆ ಸಿಗುವುದು 67. ಫೋರ್ಡ್ ಸೂಪರ್ ಡ್ಯೂಟಿ 2020ರಿಂದ 10 ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯೊಂದಿಗೆ ಬಂತು. ಅಷ್ಟು ಗೇರುಗಳಿದ್ದಾಗ ಕೆಳತುದಿಯ ಬಲವನ್ನೂ ಮೇಲ್ತುದಿಯ ಮಿತವ್ಯಯವನ್ನೂ ಗೇರ್ ಬಾಕ್ಸೇ ಹೊತ್ತುಕೊಳ್ಳುತ್ತದೆ, ಆಕ್ಸಲ್ ಅಂಕಿಯನ್ನು ಇಳಿಸಲು ಅವಕಾಶವಾಗುತ್ತದೆ. ಐದು ಗೇರುಗಳ ನಮ್ಮ ಗಾಡಿಗೆ ಆ ಸೌಕರ್ಯವಿಲ್ಲ.

ಅಲ್ಲಿಯೂ ಅತಿ ಭಾರ ಎಳೆಯುವವರು ರ‍್ಯಾಮ್‌ನಲ್ಲಿ 4.10, ಫೋರ್ಡ್‌ನಲ್ಲಿ 4.10 ಅಥವಾ 4.30 ಆರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಎಷ್ಟು ಎಳೆಯಬಹುದೆಂಬ ಕಂಪನಿಯ ಕೋಷ್ಟಕವೂ ಆಕ್ಸಲ್ ಅನುಪಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅಲ್ಲಿನ ಗ್ರಾಹಕ ಗಾಡಿ ಕಾಯ್ದಿರಿಸುವಾಗಲೇ ಅನುಪಾತವನ್ನು ಆರಿಸುತ್ತಾನೆ, ಹೊಂದಾಣಿಕೆಯೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಮ್ಮಲ್ಲಿ ಆಮೇಲೆ ಬದಲಿಸುವವರಿಗೆ ಬೇರೆ ತೊಡಕುಗಳು ಕಾದಿರುತ್ತವೆ. ವೇಗದ ಸಂವೇದಕ ಗೇರ್ ಬಾಕ್ಸಿನ ತುದಿಯಲ್ಲಿರುವ ಗಾಡಿಗೆ 4.10ರ ಬದಲು 4.56 ಹಾಕಿದರೆ, 80ಕ್ಕೆ ಹೊಂದಿಸಿದ ವೇಗ ನಿಯಂತ್ರಕ ನಿಜವಾದ 72ರಲ್ಲಿಯೇ ತಡೆಯುತ್ತದೆ. 9 ಹಲ್ಲಿನ ಪಿನಿಯನ್ ಗಾತ್ರದಲ್ಲಿಯೂ ಚಿಕ್ಕದು, ಹಾಗಾಗಿ ಭಾರಕ್ಕೆ ಅಷ್ಟು ಗಟ್ಟಿಯಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಪಾತ ಹೆಚ್ಚಿಸಿದ ಮಾತ್ರಕ್ಕೆ ಆ ಪತ್ರದಲ್ಲಿರುವ ಒಟ್ಟು ತೂಕದ ಮಿತಿ ಒಂದು ಕಿಲೊ ಕೂಡ ಏರುವುದಿಲ್ಲ.

ಪ್ರಶ್ನೆ: ಹಳೆಯ ಕ್ರೌನ್-ಪಿನಿಯನ್ ಹಲ್ಲು ಮುರಿದಿದ್ದರಿಂದ ಅದೇ ಅನುಪಾತದ ಹೊಸ ಸೆಟ್ ಹಾಕಿಸಿದೆ. ಈಗ 50 ಕಿ.ಮೀ. ವೇಗದಲ್ಲಿ ಹಿಂದಿನಿಂದ ಊಳಿಡುವ ಸದ್ದು ಬರುತ್ತಿದೆ. ಓಡುತ್ತ ಓಡುತ್ತ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ನಿಜವೇ?
— ಓದುಗರು, ರಾಣೆಬೆನ್ನೂರು

ಉತ್ತರ: ಈ ಸದ್ದು ತಾನಾಗಿ ಸರಿಹೋಗುವುದಿಲ್ಲ, ಹಲ್ಲು ತಪ್ಪು ಜಾಗದಲ್ಲಿ ಸವೆಯುತ್ತ ಹೋಗುತ್ತದೆ. ಆದ್ದರಿಂದ ತಡಮಾಡದೆ ಬಿಚ್ಚಿಸಿ ನೋಡಬೇಕು. ಕ್ರೌನ್ ಮತ್ತು ಪಿನಿಯನ್‌ಗಳನ್ನು ತಯಾರಿಸುವಾಗಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಪೆಟ್ಟಿಗೆಯ ಕ್ರೌನು, ಇನ್ನೊಂದು ಪೆಟ್ಟಿಗೆಯ ಪಿನಿಯನ್ನು ಸೇರಿದ್ದರೆ ಸದ್ದು ನಿಲ್ಲುವುದೇ ಇಲ್ಲ. ಎರಡರ ಮೇಲೂ ಕೆತ್ತಿದ ಜೋಡಿ ಸಂಖ್ಯೆ ಹೊಂದುತ್ತದೆಯೇ ಎಂದು ಮೊದಲು ನೋಡಿರಿ.

ಸಂಖ್ಯೆ ಹೊಂದಿದರೆ ತಪ್ಪು ಜೋಡಣೆಯಲ್ಲಿದೆ. ಪಿನಿಯನ್ನಿನ ಆಳವನ್ನು ಷಿಮ್ ತಗಡುಗಳಿಂದ, ಬೇರಿಂಗಿನ ಬಿಗಿತವನ್ನು ಟಾರ್ಕ್ ಅಳೆಯುವ ಪಾನದಿಂದ, ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಹೊಂದಿಸಬೇಕು. ಈ ಸಡಿಲ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯದನ್ನು ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕೈಯಿಂದ ಅಲುಗಾಡಿಸಿ ‘ಸರಿಯಿದೆ’ ಎನ್ನುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೊನೆಗೆ ಹಲ್ಲುಗಳಿಗೆ ಬಣ್ಣದ ಲೇಪ ಸವರಿ ತಿರುಗಿಸಿ, ಗುರುತು ಹಲ್ಲಿನ ನಡುಭಾಗದಲ್ಲಿ ಮೂಡುತ್ತದೆಯೇ ಎಂದು ನಿಮಗೆ ತೋರಿಸುವಂತೆ ಕೇಳಿರಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಸದ್ದೋ, ಬಿಟ್ಟಾಗ ಮಾತ್ರವೋ ಎಂಬುದನ್ನು ಗಮನಿಸಿ ಹೇಳಿದರೆ ಒಳ್ಳೆಯ ಮಿಸ್ತ್ರಿಗೆ ಅರ್ಧ ಕೆಲಸ ಮುಗಿದಂತೆ.

ಎಣ್ಣೆಯ ವಿಷಯದಲ್ಲಿ ರಾಜಿ ಬೇಡ. ಈ ಬಗೆಯ ಆಕ್ಸಲ್‌ನಲ್ಲಿ ಪಿನಿಯನ್ನು ಕ್ರೌನಿನ ನಡುಗೆರೆಗಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರೊಂದಿಗೆ ಜಾರುತ್ತಲೂ ಇರುತ್ತವೆ. ಆ ಒತ್ತಡವನ್ನು ತಾಳಲು ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಅದನ್ನೇ ಗೇರ್ ಬಾಕ್ಸಿಗೂ ಹಾಕಿಬಿಡಬೇಡಿ, ಹಿತ್ತಾಳೆಯ ಸಿಂಕ್ರೊ ಬಳೆಗಳಿರುವ ಪೆಟ್ಟಿಗೆಗೆ ಬೇಕಾದದ್ದು ಸಾಮಾನ್ಯವಾಗಿ ಜಿಎಲ್-4. ಜೋಡಣೆ ಸರಿಪಡಿಸಿದ ಬಳಿಕ ಮೊದಲ 800 ಕಿ.ಮೀ. ಪೂರ್ತಿ ಹೇರು ಹಾಕದೆ ಓಡಿಸಿ. ಮೊದಲ ದಿನ 30 ಕಿ.ಮೀ. ಆದ ಮೇಲೆ ನಿಲ್ಲಿಸಿ ಹೌಸಿಂಗು ಪೂರ್ತಿ ತಣಿಯಲು ಬಿಟ್ಟು ಮುಂದೆ ಸಾಗಿ. 800 ಕಿ.ಮೀ. ಮುಗಿದಾಗ ಎಣ್ಣೆ ಇಳಿಸಿ ಡ್ರೈನ್ ಪ್ಲಗ್ಗನ್ನು ನೋಡಿ: ಬೂದಿಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಅದು ಹೊಸ ಹಲ್ಲುಗಳ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗಾಡಿಯನ್ನು ಅಲ್ಲಿಂದ ಹೊರಗೆ ತರದೆ ಅಂದೇ ಹೌಸಿಂಗ್ ಬಿಚ್ಚಿಸಿರಿ.